ಇನ್ನೊಂದು ಕೈಗೆ ಹದವಾದ ಚೆಂಡು

ಕಾರ್ಖಾನೆಯಿಂದ ಬಂದ ಹೊಸ ಚೆಂಡು ಯಾವ ಆಟಗಾರನಿಗೂ ಒಗ್ಗುವುದಿಲ್ಲ. ಅದರ ತೊಗಲಿನ ಮೇಲೆ ಮೇಣದಂಥ ಒಂದು ನಯವಿರುತ್ತದೆ. ಸರೋವರದ ಕಡೆಯಿಂದ ಚಳಿಗಾಳಿ ಬೀಸುವ ಮಧ್ಯಾಹ್ನಗಳಲ್ಲಿ ಅಂಥ ಚೆಂಡು ಒದ್ದೆ ಸಾಬೂನಿನಂತೆ ಬೆರಳುಗಳ ನಡುವಿನಿಂದ ಜಾರಿಹೋಗುತ್ತದೆ. ಆ ನಯವನ್ನು ತೆಗೆದು, ತೊಗಲಿಗೆ ನೀರು ಕುಡಿಸಿ, ಬ್ರಷ್ಷಿನಿಂದ ತಿಕ್ಕಿ, ನೆರಳಿನಲ್ಲಿ ಆರಿಸಿ, ಮತ್ತೆ ತಿಕ್ಕಿ, ಕೊನೆಗೆ ಒಬ್ಬ ಮನುಷ್ಯನ ಅಂಗೈಗೆ ಒಪ್ಪುವಂತೆ ಹದಕ್ಕೆ ತರುವುದು ಲೊರಿಂಗ್ ಮೋಲ್ಡರ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಎಮಿಲ್ ಹುಡಾಕನ ಕೆಲಸವಾಗಿತ್ತು. ಕ್ರೀಡಾಂಗಣದ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರಗಳ ಪಕ್ಕದ ಕಿಟಕಿಯಿಲ್ಲದ ಕೋಣೆ ಅವನದು. ಅಲ್ಲಿ ಸದಾ ತೊಗಲಿನ ಮತ್ತು ಬಿಸಿ ಬಟ್ಟೆಯ ವಾಸನೆ ಬೆರೆತಿರುತ್ತಿತ್ತು.

ಎಮಿಲ್ ಹುಟ್ಟಿದ್ದು ನಮ್ಮ ಊರಿನ ಪೂರ್ವದ ಕೇರಿಯಲ್ಲಿ, ಎರಕದ ಕಾರ್ಖಾನೆಯ ಬೆನ್ನಿಗೆ. ಅವನ ಅಜ್ಜ ಮತ್ತು ಅಪ್ಪ ಇಬ್ಬರೂ ಅಲ್ಲಿ ಕರಗಿದ ಕಬ್ಬಿಣವನ್ನು ಅಚ್ಚಿಗೆ ಹೊಯ್ದವರು. ತಂಡಕ್ಕೆ ಮೋಲ್ಡರ್ಸ್, ಅಂದರೆ ಅಚ್ಚು ಹೊಯ್ಯುವವರು, ಎಂಬ ಹೆಸರು ಬಂದದ್ದೂ ಅಂಥವರಿಂದಲೇ. ಎಮಿಲ್ ದುಡಿಯುವ ವಯಸ್ಸಿಗೆ ಬರುವ ಹೊತ್ತಿಗೆ ಕಾರ್ಖಾನೆ ಬಾಗಿಲು ಹಾಕಿತ್ತು. ಉಳಿದದ್ದು ತಂಡವೊಂದೇ. ಅಲ್ಲಿ ಆಟಗಾರರ ಬಟ್ಟೆ ಒಗೆಯುವವನಾಗಿ ಸೇರಿದ. ಆಮೇಲೆ ಶಿರಸ್ತ್ರಾಣ, ಭುಜದ ಕವಚಗಳ ದುರಸ್ತಿ ಕಲಿತ. ಪ್ರತಿ ತಂಡವೂ ತಾನು ಆಡುವ ಚೆಂಡುಗಳನ್ನು ತಾನೇ ಹದಮಾಡಿ ತರಬಹುದೆಂದು ಲೀಗ್ ಒಪ್ಪಿದ ವರ್ಷ, ಆ ಕೆಲಸವನ್ನು ಯಾರಿಗೆ ವಹಿಸುವುದೆಂಬ ಪ್ರಶ್ನೆಯೇ ಏಳಲಿಲ್ಲ.

ಅದೇ ವರ್ಷ ವೇಡ್ ಟಾಲಿವರ್ ಬಂದ. ವೆಸ್ಟ್ ವರ್ಜೀನಿಯಾದ ಗುಡ್ಡಗಳ ಕಡೆಯ, ಯಾರೂ ಅಷ್ಟಾಗಿ ಬಯಸದಿದ್ದ ಹುಡುಗ. ನಮ್ಮ ಫುಟ್‌ಬಾಲಿನಲ್ಲಿ ಕಾಲಿಗಿಂತ ಕೈಗೇ ಕೆಲಸ ಹೆಚ್ಚು, ಮತ್ತು ಆ ಕೈ ಕ್ವಾರ್ಟರ್‌ಬ್ಯಾಕ್ ಎಂಬ ಆಟಗಾರನದು. ಚೆಂಡು ಯಾರಿಗೆ, ಯಾವಾಗ, ಎಷ್ಟು ದೂರ ಎಂಬುದನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ತೀರ್ಮಾನಿಸಿ ಎಸೆಯುವವನು ಅವನು. ವೇಡ್‌ನ ಅಂಗೈ ಆ ಕೆಲಸಕ್ಕೆ ಸಣ್ಣದೆಂದು ಬಲ್ಲವರು ಬರೆದಿದ್ದರು. ಎಮಿಲ್ ಆ ಸಣ್ಣ ಕೈಯನ್ನು ಒಂದು ಬೇಸಿಗೆಯುದ್ದಕ್ಕೂ ಗಮನಿಸಿ, ತೋರುಬೆರಳು ಕೂರುವಲ್ಲಿ ಚೆಂಡನ್ನು ಉಳಿದೆಡೆಗಿಂತ ಒರಟಾಗಿಸಿ, ತೊಗಲಿಗೆ ಎಣ್ಣೆ ಸೋಕಿಸದೆ ಒಣದಾಗಿ ಇಟ್ಟ. ಆ ಚೆಂಡು ವೇಡ್‌ನ ಕೈಯಲ್ಲಿ ನಿಂತಿತು. ಮೂರನೆಯ ವರ್ಷಕ್ಕೆ ಊರಿನ ಅರ್ಧ ಮಕ್ಕಳ ಅಂಗಿಯ ಬೆನ್ನಮೇಲೆ ಅವನ ಹೆಸರಿತ್ತು.

ಶುಕ್ರವಾರಗಳಂದು ವೇಡ್ ನೆಲಮಾಳಿಗೆಗೆ ಇಳಿದು ಬರುತ್ತಿದ್ದ. ಭಾನುವಾರದ ಪಂದ್ಯಕ್ಕೆ ಬೇಕಾದ ಚೆಂಡುಗಳನ್ನು ಒಂದೊಂದಾಗಿ ಅಂಗೈಗೆ ಬಡಿದು ಆರಿಸುತ್ತಿದ್ದ. ಎಮಿಲ್‌ನ ಹೆಂಡತಿ ಡೊಲೋರೆಸ್ ಕಟ್ಟಿಕೊಟ್ಟ ಆಲೂಗಡ್ಡೆ ತುಂಬಿದ ಕಡುಬಿನಂಥ ಪಿರೋಗಿಯ ಡಬ್ಬಿ ಇಬ್ಬರ ನಡುವೆ ತೆರೆದಿರುತ್ತಿತ್ತು.

"ಮುದುಕಪ್ಪಾ, ಇದೇನಿದು? ಮದುಮಗಳ ಕೆನ್ನೆ ಥರ ಇದೆ. ಇದನ್ನ ಎಸೆಯೋದಾ, ಮುದ್ದು ಮಾಡೋದಾ?"

"ನಿನ್ನ ಕೈಯೇ ಮೆತ್ತಗಾಗಿದೆ ಕಣೋ. ಗುಡ್ಡದಲ್ಲಿ ಸೌದೆ ಒಡೀತಿದ್ದ ಕೈ, ಈಗ ಜಾಹೀರಾತಿನಲ್ಲಿ ಶಾಂಪೂ ಹಿಡಿಯುತ್ತೆ."

"ಶಾಂಪೂನೂ ಜಾರುತ್ತೆ. ಅದಕ್ಕೂ ನೀನೇ ಬ್ರಷ್ ಹಾಕಿ ಕೊಟ್ಬಿಡು."

"ಆ ಡಬ್ಬಿಯಿಂದ ಕೈ ತೆಗಿ ಮೊದ್ಲು. ಜಿಡ್ಡಿನ ಕೈಯಲ್ಲಿ ನನ್ನ ಚೆಂಡು ಮುಟ್ಟಿದ್ರೆ ನೋಡು."

ಆ ಕೋಣೆಯಲ್ಲಿ ಒಂದು ಕಟ್ಟಳೆಯಿತ್ತು: ತಂಡಕ್ಕೆ ಒಂದೇ ಕೈ. ಎರಡನೆಯ ಕ್ವಾರ್ಟರ್‌ಬ್ಯಾಕ್, ಮೂರನೆಯವನು ಯಾರೇ ಇರಲಿ, ಮೊದಲಿನವನ ಕೈಗೆ ಹದವಾದ ಚೆಂಡನ್ನೇ ಎಸೆಯಬೇಕು, ಅದಕ್ಕೇ ಒಗ್ಗಿಕೊಳ್ಳಬೇಕು. ಎಮಿಲ್‌ನ ರೀತಿಯಲ್ಲಿ ಒಂದು ಕಂತು ಚೆಂಡು ಹದಕ್ಕೆ ಬರಲು ಐದಾರು ವಾರ ಹಿಡಿಯುತ್ತಿತ್ತು. ಆದ್ದರಿಂದ ಬೇರೊಂದು ಕೈಗೆ ಚೆಂಡು ತಯಾರಾಗತೊಡಗಿತೆಂದರೆ, ಆಡಳಿತದವರು ಕೂರುವ ಮೇಲಿನ ಮಹಡಿಯಲ್ಲಿ ತೀರ್ಮಾನ ಆಗಿಹೋಗಿದೆ ಎಂದೇ ಅರ್ಥ. ಇದು ನೆಲಮಾಳಿಗೆಯವರಿಗೂ ಗೊತ್ತಿತ್ತು, ವೇಡ್‌ಗೂ ಗೊತ್ತಿತ್ತು.

ವೇಡ್ ಮತ್ತು ಮೇಲಿನ ಮಹಡಿಯ ನಡುವೆ ಬಿರುಕು ಬಿದ್ದದ್ದು ಲೂಯಿಸ್ ಪ್ರೆಂಟಿಸ್ ಎಂಬಾತ ವ್ಯವಸ್ಥಾಪಕನಾಗಿ ಬಂದ ಮೇಲೆ. ತೆಳ್ಳಗಿನ, ಎಂದೂ ದನಿ ಏರಿಸದ ಮನುಷ್ಯ. ಬಂದ ವರ್ಷವೇ, ವೇಡ್ ಎಸೆದದ್ದನ್ನು ಬಹುಕಾಲದಿಂದ ಹಿಡಿಯುತ್ತಿದ್ದ ಓಟಿಸ್ ಬ್ರಾಂಟ್‌ನನ್ನು ತಂಡದಿಂದ ಬಿಟ್ಟುಬಿಟ್ಟ. ವೇಡ್‌ಗೆ ಆ ಸುದ್ದಿ ತಿಳಿದದ್ದು ಕಾರಿನ ರೇಡಿಯೋದಿಂದ.

"ಮನೆಯ ಹಳೇ ಸೋಫಾ ಎತ್ಕೊಂಡು ಹೋಗೋರೂ ಬಾಗಿಲು ತಟ್ಟಿ ಹೋಗ್ತಾರೆ," ಎಂದು ಅವನು ಪತ್ರಿಕೆಯವರ ಮುಂದೆ ಹೇಳಿದ.

"ಚೆಂಡು ಎಸೆಯೋದು ವೇಡ್ ಅವರ ಕೆಲಸ. ತಂಡ ಕಟ್ಟೋದು ನಮ್ಮದು," ಎಂದು ಪ್ರೆಂಟಿಸ್ ಅಷ್ಟೇ ಮೆಲ್ಲಗೆ ಉತ್ತರಿಸಿದ.

ಅಲ್ಲಿಂದ ಮುಂದೆ ಇಬ್ಬರೂ ಪರಸ್ಪರ ಮಾತಾಡಿದ್ದಕ್ಕಿಂತ ಪತ್ರಿಕೆಗಳ ಮೂಲಕ ಆಡಿದ ಮಾತೇ ಹೆಚ್ಚು. ವೇಡ್‌ನ ಭುಜ ಸವೆದಿದೆಯೆಂದು ಹೆಸರಿಲ್ಲದ ಬಲ್ಲವರೊಬ್ಬರು ಹೇಳಿದ್ದಾಗಿ ವರದಿ ಬಂತು. ಆ ಬಲ್ಲವರು ಯಾರೆಂದು ವೇಡ್ ಅಭ್ಯಾಸದ ಮೈದಾನದಲ್ಲೇ ಗಟ್ಟಿಯಾಗಿ ಕೇಳಿದ. ಮರುವಸಂತದಲ್ಲಿ ಪ್ರೆಂಟಿಸ್ ಕಾಲೇಜಿನಿಂದ ಆಗಷ್ಟೇ ಹೊರಬಂದ ಜರೆಲ್ ಮಿಂಟ್ಸ್ ಎಂಬ ಎತ್ತರದ ಯುವಕನನ್ನು ಆರಿಸಿ ತಂದ, ತಂದು, ಎಲ್ಲರೆದುರು ನಿಂತು, "ಈ ವರ್ಷ ವೇಡ್ ಅವರದು. ಜರೆಲ್ ಕೂತು ಕಲೀತಾನೆ," ಎಂದ. ಊರು ನೆಮ್ಮದಿಯ ಉಸಿರುಬಿಟ್ಟಿತು. ವೇಡ್ ಆ ಮಾತನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡ.

ಶರತ್ಕಾಲ ಶುರುವಾಗಿ, ಎರಡು ಪಂದ್ಯ ಸೋತಾಗಿದ್ದ ಒಂದು ಬೆಳಗ್ಗೆ ಪ್ರೆಂಟಿಸ್ ನೆಲಮಾಳಿಗೆಗೆ ಬಂದ. ಮೇಲಿನವರು ಯಾರೂ ಅದುವರೆಗೆ ಆ ಮೆಟ್ಟಿಲು ಇಳಿದವರಲ್ಲ. ಎಮಿಲ್ ಕೈಯೊರೆಸಿಕೊಂಡು ಎದ್ದು ನಿಂತ.

"ಕೂತ್ಕೊಳ್ಳಿ ಎಮಿಲ್, ಕೂತ್ಕೊಳ್ಳಿ. ನಿಮ್ಮ ಕೆಲಸ ನೋಡ್ಬೇಕು ಅಂತ ಎಷ್ಟೋ ದಿನದಿಂದ ಅಂದ್ಕೊಳ್ತಿದ್ದೆ," ಎಂದ ಪ್ರೆಂಟಿಸ್. ಒಂದು ಚೆಂಡನ್ನು ಎತ್ತಿ, ಹಿಡಿಯುವ ಬಗೆ ತಿಳಿಯದವನಂತೆ ಎರಡೂ ಕೈಯಲ್ಲಿ ಹಿಡಿದು, ಮತ್ತೆ ಇಟ್ಟ. "ಜರೆಲ್ ಕೈಗೂ ಒಂದು ಸೆಟ್ ಮಾಡಿಡಿ. ಅವಸರ ಏನಿಲ್ಲ. ನಿಮ್ಮ ಪದ್ಧತಿ ಪ್ರಕಾರಾನೇ ಆಗ್ಲಿ."

"ವೇಡ್‌ಗೆ ಗೊತ್ತಾ ಸಾರ್?"

"ನಾವೇ ಹೇಳ್ತೀವಿ. ಇಷ್ಟು ವರ್ಷ ಆಡಿದ ಮನುಷ್ಯ. ಗೌರವದಿಂದ, ಸರಿಯಾದ ಹೊತ್ತು ನೋಡಿ ಹೇಳ್ಬೇಕು. ನಿಮ್ಮ ಬಾಯಿಂದ ಹೋಗೋದು ಚೆನ್ನಾಗಿರಲ್ಲ, ಅಲ್ವಾ?"

ಎಮಿಲ್‌ಗೆ ಅದು ನ್ಯಾಯವೆಂದೇ ತೋರಿತು; ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟ. ಮೇಲಿನ ಮಾತು ಕೆಳಗೆ, ಕೆಳಗಿನ ಮಾತು ಮೇಲೆ ಹೋಗಬಾರದೆಂಬುದು ಅವನು ಬಟ್ಟೆ ಒಗೆಯುವಾಗಲೇ ಕಲಿತ ಪಾಠ. ಮೇಲಿನವನೊಬ್ಬ ತನ್ನನ್ನು ಹೆಸರು ಹಿಡಿದು ಕರೆದದ್ದೂ ಮನಸ್ಸಿಗೆ ಹಿತವೆನಿಸಿತ್ತು. ಈ ಹಿತವನ್ನು ಅವನು ಆಗ ಗುರುತಿಸಿಕೊಳ್ಳಲಿಲ್ಲ.

ಕೆಲಸ ಶುರುವಾಯಿತು. ಜರೆಲ್‌ನ ಅಂಗೈ ವಿಶಾಲ, ಬೆರಳು ಉದ್ದ. ಅಭ್ಯಾಸದ ನಂತರ ಅವನ ಬೆವರು ಚೆಂಡಿನ ಮೇಲೆ ಎಲ್ಲಿ ಕಪ್ಪಾಗಿದೆಯೆಂಬುದನ್ನು ನೋಡಿ ಎಮಿಲ್ ಅವನ ಹಿಡಿತ ಊಹಿಸಿದ. ಹೊಲಿಗೆಯ ಹತ್ತಿರ ಒರಟು ಬೇಕಿಲ್ಲ. ತೊಗಲು ಮೃದುವಾಗಿ, ತುಸು ಎಣ್ಣೆ ಕುಡಿದಿರಬೇಕು. ಬಹಳ ವರ್ಷಗಳ ಮೇಲೆ ಹೊಸ ಕೈಯೊಂದು ಸಿಕ್ಕಿತ್ತು. ಸಂಕಟಪಡಬೇಕಾಗಿದ್ದ ಕೆಲಸದಲ್ಲಿ ಅವನಿಗೆ ಖುಷಿಯೇ ಆಯಿತು. ಮಧ್ಯಾಹ್ನದ ಊಟ ಮರೆತು ತಿಕ್ಕುತ್ತಿದ್ದ. ಮುಗಿದ ಚೆಂಡುಗಳನ್ನು ಮಳೆಯಂಗಿಗಳ ಬೀರುವಿನಲ್ಲಿಟ್ಟು ಬಾಗಿಲು ಮುಚ್ಚುತ್ತಿದ್ದ. ಮನೆಯಲ್ಲೂ ಈ ಸುದ್ದಿ ಎತ್ತಲಿಲ್ಲ.

ವಾರಗಳು ಕಳೆದವು. ಮೇಲಿನವರು ವೇಡ್‌ಗೆ ಏನೂ ಹೇಳಲಿಲ್ಲ.

ಆಟಗಾರರನ್ನು ಒಂದು ತಂಡದಿಂದ ಇನ್ನೊಂದಕ್ಕೆ ಕೊಟ್ಟು ಕೊಳ್ಳಲು ಲೀಗಿನಲ್ಲಿ ಒಂದು ಗಡುವು ಇರುತ್ತದೆ. ನವೆಂಬರಿನ ಆರಂಭದ ಆ ಮಂಗಳವಾರ ಕಳೆದರೆ, ಋತು ಮುಗಿಯುವತನಕ ಇದ್ದವರು ಇದ್ದಲ್ಲೇ. ಗಡುವಿಗೆ ಮುಂಚೆ ತಾನಾಗಿ ಕೇಳಿದರೆ ತಂಡ ತನ್ನನ್ನು ಬಿಟ್ಟುಕೊಡಬೇಕೆಂಬ ಮಾತು ವೇಡ್‌ನ ಕರಾರಿನಲ್ಲಿತ್ತು. ಆ ಮಂಗಳವಾರದ ಹಿಂದಿನ ಶುಕ್ರವಾರ ಅವನು ಎಂದಿನಂತೆ ಇಳಿದು ಬಂದ. ಆದರೆ ಚೆಂಡುಗಳನ್ನು ಮುಟ್ಟಲಿಲ್ಲ. ಬಾಗಿಲು ಮುಚ್ಚಿ ಕುಳಿತ.

"ದಕ್ಷಿಣದ ಕಡೆಯ ಒಂದು ತಂಡ ಕರೀತಿದೆ ಮುದುಕಪ್ಪಾ. ಅವ್ರ ಕ್ವಾರ್ಟರ್‌ಬ್ಯಾಕ್ ಹುಡುಗನ ಮಂಡಿ ಮುರಿದಿದೆ. ಗೆಲ್ಲೋ ತಂಡ. ನಾನು ಕೇಳಿದ್ರೆ ಸಾಕು, ಹೋಗ್ಬಹುದು."

"ಹೋಗ್ತೀಯಾ?"

"ಇಲ್ಲೇ ಮುಗಿಸ್ಬೇಕು ಅಂತ ಆಸೆ. ನಿನ್ನೆ ಪ್ರೆಂಟಿಸ್‌ನ ಕೇಳ್ದೆ. 'ನೀವೇ ನಮ್ಮವರು, ಕೊನೇ ಪಂದ್ಯದ ತನಕ' ಅಂದ. ಆ ಮನುಷ್ಯ ಹೇಳೋವಾಗ ನನ್ನ ಮುಖ ನೋಡ್ಲಿಲ್ಲ, ಟೈ ನೋಡ್ದ. ನಾನು ಟೈ ಕಟ್ಟಿರ್ಲಿಲ್ಲ."

ಎಮಿಲ್ ನಗಲು ಪ್ರಯತ್ನಿಸಿದ.

ವೇಡ್ ಮುಂದಕ್ಕೆ ಬಾಗಿದ. "ನೋಡು, ಎಲ್ರೂ ನಿನ್ನ ಕೋಣೆ ಮುಂದೇನೇ ಓಡಾಡ್ತಾರೆ. ನಿನ್ನ ಕಿವಿಗೆ ಬೀಳದೆ ಇರೋದು ಯಾವ್ದೂ ಇಲ್ಲ. ಏನಾದ್ರೂ ಕೇಳಿದ್ಯಾ? ನೀನು ಇಲ್ಲ ಅಂದ್ರೆ ನಾನು ನಿಶ್ಚಿಂತೆಯಾಗಿ ಇರ್ತೀನಿ."

ಮಳೆಯಂಗಿಗಳ ಬೀರು ವೇಡ್‌ನ ಬೆನ್ನ ಹಿಂದೆಯೇ ಇತ್ತು. ಎಮಿಲ್ ಅದರತ್ತ ನೋಡಲಿಲ್ಲ. ಮಾತು ಕೊಟ್ಟಿದ್ದೇನೆ ಎಂಬುದು ಮೊದಲು ಅವನ ಮನಸ್ಸಿಗೆ ಬಂತು. ಅದರ ಹಿಂದೆಯೇ, ಮಾತಿಗಿಂತ ಬಲವಾಗಿ, ಇನ್ನೊಂದು ಬಂತು: ಹೇಳಿದರೆ ಇವನು ಮಂಗಳವಾರದೊಳಗೆ ಹೊರಟುಹೋಗುತ್ತಾನೆ, ಹೇಳದಿದ್ದರೆ ಆಡದೆ ಬೆಂಚಿನ ಮೇಲೆ ಕೂತಾದರೂ ಇಲ್ಲೇ ಇರುತ್ತಾನೆ.

"ಏನೂ ಇಲ್ಲಪ್ಪಾ," ಎಂದ ಎಮಿಲ್. "ನಾನೇನೂ ಕೇಳಿಲ್ಲ."

ವೇಡ್‌ನ ಹೆಗಲು ಸಡಿಲಗೊಂಡಿತು. ಡಬ್ಬಿ ತೆರೆದ. "ಹಾಗಾದ್ರೆ ಆಯ್ತು. ಡೊಲೋರೆಸ್ ಅಮ್ಮನ ಪಿರೋಗಿ ಬಿಟ್ಟು ದಕ್ಷಿಣಕ್ಕೆ ಹೋಗಿ ಏನು ತಿನ್ನಲಿ, ಜೋಳದ ಗಂಜಿಯಾ?" ಎಂದ. ಆ ದಿನ ಅವನು ಆರಿಸಿದ ಚೆಂಡುಗಳಲ್ಲಿ ಒಂದನ್ನೂ ಬೈಯಲಿಲ್ಲ.

ಮಂಗಳವಾರ ಕಳೆಯಿತು. ಬುಧವಾರ ಬೆಳಗ್ಗೆ ಪ್ರೆಂಟಿಸ್ ವೇಡ್‌ನನ್ನು ಮೇಲಕ್ಕೆ ಕರೆಸಿಕೊಂಡ. ಭಾನುವಾರದಿಂದ ಜರೆಲ್ ಆಡುತ್ತಾನೆ. ಹುಡುಗನಿಗೆ ಪೆಟ್ಟಾದರೆ ಇರಲಿ ಎಂದು ವೇಡ್ ಪಕ್ಕದಲ್ಲಿರಬೇಕು. ಹಿಂದಿನ ಭಾನುವಾರದ ಸೋಲಿನ ನಂತರವೇ, ರಾತ್ರೋರಾತ್ರಿ, ಮನಸ್ಸಿಲ್ಲದ ಮನಸ್ಸಿನಿಂದ ಈ ತೀರ್ಮಾನಕ್ಕೆ ಬರಬೇಕಾಯಿತೆಂದು ಪ್ರೆಂಟಿಸ್ ಅವನಿಗೆ ಹೇಳಿದ. ಪತ್ರಿಕೆಯವರಿಗೂ ಅದನ್ನೇ ಹೇಳಿದ. ವೇಡ್ ಅದನ್ನು ನಂಬಿದನೋ ಇಲ್ಲವೋ, ನಂಬಲು ಪ್ರಯತ್ನಪಟ್ಟಿರಬೇಕು. ಆ ವಾರ ಅವನು ಯಾರ ಮೇಲೂ ಹರಿಹಾಯಲಿಲ್ಲ. ಜರೆಲ್‌ಗೆ ಎದುರಾಳಿಗಳ ಆಟದ ಚಿತ್ರ ತೋರಿಸಿ ವಿವರಿಸಿದ.

ಭಾನುವಾರ ಆಕಾಶ ಬೂದಿಬಣ್ಣಕ್ಕಿತ್ತು, ಗಾಳಿ ಸರೋವರದಿಂದ ಅಡ್ಡಲಾಗಿ ಬೀಸುತ್ತಿತ್ತು. ಪಂದ್ಯಕ್ಕೆ ಮುಂಚೆ ಮೈದಾನದ ಅಂಚಿನಲ್ಲಿ ಜರೆಲ್ ತೋಳು ಬಿಸಿಮಾಡಿಕೊಳ್ಳುತ್ತಿದ್ದಾಗ, ಒಂದು ಚೆಂಡು ನೆಲಕ್ಕೆ ಬಿದ್ದು ಪುಟಿದು ವೇಡ್‌ನ ಕಾಲ ಬಳಿ ಬಂತು. ಅವನು ಬಗ್ಗಿ ಎತ್ತಿಕೊಂಡ. ಹಿಂದಿರುಗಿಸಲು ತೋಳೆತ್ತಿದವನು ಹಾಗೆಯೇ ನಿಂತ.

ಎಮಿಲ್ ಟವೆಲುಗಳ ಪೆಟ್ಟಿಗೆಯ ಪಕ್ಕದಲ್ಲಿದ್ದ. ವೇಡ್ ಚೆಂಡನ್ನು ತಿರುಗಿಸಿ ನೋಡಿದ್ದನ್ನು, ಹೊಲಿಗೆಯ ಪಕ್ಕದಲ್ಲಿ ಹೆಬ್ಬೆರಳು ಓಡಿಸಿದ್ದನ್ನು, ಮೂಗಿಗೆ ಹಿಡಿದು ಎಣ್ಣೆಯ ವಾಸನೆ ನೋಡಿದ್ದನ್ನು ಕಂಡ. ಅವಸರಕ್ಕೆ ತಿಕ್ಕಿದ ಚೆಂಡಾಗಿದ್ದರೆ ಮೇಲೆ ಒರಟು, ಒಳಗೆ ಹಸಿಯಾಗಿರುತ್ತಿತ್ತು. ಇದು ಐದಾರು ವಾರ ಹಿಡಿದು ಆಳದವರೆಗೆ ಹದವಾದ ಚೆಂಡು. ಎಮಿಲ್ ತನ್ನ ಜೀವನದಲ್ಲೇ ಮಾಡಿದ ಅತ್ಯುತ್ತಮ ಚೆಂಡುಗಳಲ್ಲಿ ಒಂದು. ವೇಡ್ ಅದನ್ನು ಜರೆಲ್‌ಗೆ ಎಸೆಯಲಿಲ್ಲ. ನಡೆದುಹೋಗಿ ಅವನ ಕೈಗೆ ಕೊಟ್ಟು, ಬೆನ್ನು ತಟ್ಟಿ ಬಂದ.

ಮೋಲ್ಡರ್ಸ್ ಆ ದಿನ ಗೆದ್ದರು. ಜನ ಇನ್ನೂ ಕೂಗುತ್ತಿದ್ದಾಗಲೇ ವೇಡ್ ನೆಲಮಾಳಿಗೆಯ ಬಾಗಿಲಲ್ಲಿ ನಿಂತಿದ್ದ. ಒಳಗೆ ಬರಲಿಲ್ಲ.

"ಯಾವಾಗ ಶುರು ಮಾಡಿದ್ರಿ?"

ಎಮಿಲ್ ಕೈಯಲ್ಲಿದ್ದ ಬ್ರಷ್ಷನ್ನು ಕೆಳಗಿಟ್ಟ. "ಸೆಪ್ಟೆಂಬರ್ ಕೊನೇಲಿ."

"ಅಂದ್ರೆ, ಆ ಶುಕ್ರವಾರ ನಾನು ಕೇಳಿದಾಗ ಎಲ್ಲಾ ಮುಗಿದಿತ್ತು."

"ಮುಗಿದಿತ್ತು."

"ಎಲ್ಲಿ ಇಟ್ಟಿದ್ರಿ?"

ಎಮಿಲ್ ಬೀರುವಿನತ್ತ ನೋಡಿದ. ವೇಡ್ ಕೂಡ ನೋಡಿದ. ತಾನು ಅಂದು ಕೂತ ಜಾಗಕ್ಕೂ ಆ ಬಾಗಿಲಿಗೂ ಎಷ್ಟು ದೂರವೆಂದು ಅಳೆಯುವಂತೆ.

"ಯಾರಿಗೂ ಹೇಳ್ಬೇಡಿ ಅಂದಿದ್ರು ಕಣೋ. ನಾನು ಮಾತು ಕೊಟ್ಟಿದ್ದೆ."

"'ಅದನ್ನ ನನ್ನ ಕೇಳ್ಬೇಡ' ಅಂದಿದ್ರೆ ಸಾಕಿತ್ತು. ಅಷ್ಟೇ. ನಾನು ಅರ್ಥ ಮಾಡ್ಕೊಳ್ತಿದ್ದೆ, ನಿಮ್ಮ ಮಾತೂ ಉಳೀತಿತ್ತು."

ಅಂಥದೊಂದು ವಾಕ್ಯವಿದೆಯೆಂಬುದೇ ಎಮಿಲ್‌ಗೆ ಹೊಳೆದಿರಲಿಲ್ಲ. ಹೌದು ಎನ್ನುವುದು, ಇಲ್ಲ ಎನ್ನುವುದು, ಇವೆರಡೇ ದಾರಿಯೆಂದು ಅವನು ತಿಳಿದಿದ್ದ. ಈಗ ಆ ಸಣ್ಣ ವಾಕ್ಯ ತೀರ ಸರಳವಾಗಿ, ಯಾರ ಬಾಯಿಗೂ ಎಟುಕುವಂತೆ ಅವನ ಮುಂದೆ ಬಿದ್ದಿತ್ತು. ಅವನು ತಲೆಯೆತ್ತುವಷ್ಟರಲ್ಲಿ ವೇಡ್ ಮೆಟ್ಟಿಲು ಹತ್ತಿಯಾಗಿತ್ತು.

ಆ ಸಂಜೆ ಎಮಿಲ್ ಡೊಲೋರೆಸ್‌ಗೆ ಎಲ್ಲವನ್ನೂ ಹೇಳಿದ. ಅವಳು ಹಿಟ್ಟು ನಾದುವುದನ್ನು ನಿಲ್ಲಿಸದೆ ಕೇಳಿಸಿಕೊಂಡಳು.

"ಆ ಪ್ರೆಂಟಿಸ್‌ಗೆ ಹೆದರಿದ್ಯಾ?"

"ಹೆದರಿಕೆ ಅಲ್ಲ."

"ಮತ್ತೆ?"

"ಹೋಗಿಬಿಡ್ತಾನೆ ಅನ್ನಿಸ್ತು."

ಅವಳು ಆಗ ನಾದುವುದನ್ನು ನಿಲ್ಲಿಸಿದಳು. "ಪ್ರೆಂಟಿಸ್‌ಗೂ ಅದೇ ಅಲ್ವಾ ಅನ್ನಿಸಿದ್ದು?" ಎಂದಳು. ದನಿಯಲ್ಲಿ ಕುಟುಕು ಇರಲಿಲ್ಲ. ಅದಕ್ಕೇ ಎಮಿಲ್‌ಗೆ ಅಂದು ಊಟ ಸೇರಲಿಲ್ಲ.

ಉಳಿದ ವಾರಗಳಲ್ಲಿ ವೇಡ್ ಬೆಂಚಿನ ಮೇಲಿದ್ದ, ದೊಡ್ಡ ಕೋಟು ಹೊದ್ದು. ಜರೆಲ್‌ಗೆ ಪೆಟ್ಟಾಗಲಿಲ್ಲ. ವೇಡ್ ಮತ್ತೆ ಒಂದು ಚೆಂಡನ್ನೂ ಎಸೆಯದೆ ಆ ಋತು ಮುಗಿಯಿತು. ಕರೆದಿದ್ದ ದಕ್ಷಿಣದ ತಂಡ ಬೇರೊಬ್ಬನನ್ನು ತಂದುಕೊಂಡು ಕೊನೆಯ ಸುತ್ತುಗಳವರೆಗೆ ಹೋಯಿತು. ಮಾರ್ಚಿನಲ್ಲಿ ವೇಡ್ ಆಟ ಬಿಡುವುದಾಗಿ ಘೋಷಿಸಿದ.

ಅವನು ಮನೆ ಖಾಲಿ ಮಾಡುತ್ತಿದ್ದಾನೆಂದು ತಿಳಿದು ಎಮಿಲ್ ಸರೋವರದ ದಂಡೆಯ ಆ ಮನೆಗೆ ಹೋದ. ಅಂಗಳದಲ್ಲಿ ಲಾರಿ ನಿಂತಿತ್ತು. ವೇಡ್ ಗ್ಯಾರೇಜಿನಲ್ಲಿ ಮೀನು ಹಿಡಿಯುವ ಕೋಲುಗಳನ್ನು ಕಟ್ಟುತ್ತಿದ್ದ. ಎಮಿಲ್‌ನನ್ನು ಕಂಡು ಮುಖ ತಿರುಗಿಸಲಿಲ್ಲ. ಹಗ್ಗದ ಒಂದು ತುದಿಯನ್ನು ಅವನ ಕೈಗೆ ಕೊಟ್ಟ. ಇಬ್ಬರೂ ಸೇರಿ ಕಟ್ಟಿದರು.

"ತಪ್ಪಾಯ್ತು," ಎಂದ ಎಮಿಲ್. "ನಾನು ಹೇಳ್ಬೇಕಿತ್ತು. ಹೇಳಿದ್ರೆ ನೀನು ಅಲ್ಲಿ ಹೋಗಿ ಗೆಲ್ತಿದ್ದೆ."

ವೇಡ್ ಗಂಟು ಬಿಗಿದು, ಎಳೆದು ನೋಡಿದ. "ಗೆಲ್ತಿದ್ನೋ ಇಲ್ವೋ. ಹೋಗ್ತಿದ್ನೋ ಇಲ್ವೋ, ಅದೂ ಗೊತ್ತಿಲ್ಲ. ಹೇಳಿದ್ರೂ ಇಲ್ಲೇ ಇರ್ತಿದ್ನೇನೋ. ಬೆಂಚಿನ ಮೇಲೆ ಕೂತ್ಕೊಳ್ಳೋದು ಗೊತ್ತಿದ್ರೂ, ಈ ಊರು ಸಾಕು ಅಂತ ಇರ್ತಿದ್ನೇನೋ. ಅಂಥ ಮನುಷ್ಯನಾ ನಾನು ಅಂತ ನೋಡ್ಕೊಳ್ಳೋಕ್ಕೆ ಒಂದು ಸಲ ಅವಕಾಶ ಸಿಕ್ಕಿತ್ತು." ಅವನು ಕೋಲುಗಳನ್ನು ಎತ್ತಿ ಲಾರಿಗೆ ಒರಗಿಸಿದ. "ಇನ್ನು ಗೊತ್ತಾಗಲ್ಲ. ಹೋಗ್ಲಿ ಬಿಡಿ. ಮನೇಲಿ ಅಮ್ಮನ್ನ ಕೇಳ್ದೆ ಅಂತ ಹೇಳಿ."

ಕಾಫಿ ಕುಡಿದು ಹೋಗಿ ಎನ್ನಲಿಲ್ಲ. ಕೋಪವನ್ನೂ ತೋರಿಸಲಿಲ್ಲ. ಕೋಪವಿದ್ದಿದ್ದರೆ ಎಂದಾದರೂ ಇಳಿಯುತ್ತಿತ್ತು ಎಂದು ಎಮಿಲ್ ದಾರಿಯುದ್ದಕ್ಕೂ ಯೋಚಿಸಿದ.

ಎಮಿಲ್ ಮುಂದೆ ಕೆಲವು ವರ್ಷ ಜರೆಲ್‌ನ ಕೈಗೆ ಚೆಂಡು ಹದಮಾಡಿ, ನಿವೃತ್ತನಾದ. ಪ್ರೆಂಟಿಸ್ ಅಷ್ಟರಲ್ಲಿ ಬೇರೆ ಊರಿನ ತಂಡಕ್ಕೆ ಹೋಗಿದ್ದ. ಪೂರ್ವದ ಕೇರಿಯ ಸ್ಲೊವಾಕ್ ವಲಸಿಗರ ಕ್ಲಬ್ಬಿನಲ್ಲಿ ಮುದುಕರು ಮಧ್ಯಾಹ್ನ ಸೇರಿ ಇಸ್ಪೀಟು ಆಡುತ್ತಾರೆ. ಎಮಿಲ್ ಈಗ ಅಲ್ಲಿಗೆ ಹೋಗುತ್ತಾನೆ. ಚಳಿಗಾಲ ಬಂತೆಂದರೆ ಮಾತು ತಾನಾಗಿ ಆ ವರ್ಷಕ್ಕೆ ಹೊರಳುತ್ತದೆ.

ಹೋದ ಡಿಸೆಂಬರಿನಲ್ಲಿಯೂ ಹೊರಳಿತು. ಬಸ್ಸು ಓಡಿಸುತ್ತಿದ್ದ ಆಂಡ್ರೂ ಪೆಟ್ರಿಕ್ ಎಲೆಗಳನ್ನು ಮೇಜಿಗೆ ಬಡಿದು, "ಆ ಮೇಲಿನ ಮಹಡಿ ಕಳ್ಳರು ವೇಡ್‌ನ ಕತ್ತು ಕೊಯ್ದ್ರು ಕಣ್ರೋ. ಗಡುವು ಮುಗಿಯೋ ತನಕ ಬಾಯಿ ಮುಚ್ಕೊಂಡು ಕೂತಿದ್ರು. ಮನುಷ್ಯರಾ ಅವ್ರು?" ಎಂದ.

"ಮನುಷ್ಯರಾದ್ರೆ ಕೆಳಗೆ ಬಂದು ನಮ್ಮ ಜೊತೆ ಕೂರ್ತಿದ್ರು," ಎಂದ ಇನ್ನೊಬ್ಬ.

"ನಮ್ಮ ಎಮಿಲ್‌ನ ಕೇಳಿ. ಅವನ ಪಕ್ಕದಲ್ಲಿ ಕೊನೇ ತನಕ ನಿಂತೋನು ಇವನೊಬ್ನೇ. ಹೌದೋ ಅಲ್ವೋ ಹೇಳೋ ಎಮಿಲ್?" ಎಂದು ಆಂಡ್ರೂ ಕೇಳಿ, ಉತ್ತರಕ್ಕೆ ಕಾಯದೆ, ಅವನಿಗೊಂದು ಬಿಯರ್ ತರಲು ಕೂಗಿ ಹೇಳಿದ.

ಗ್ಲಾಸು ಬಂದು ಎಮಿಲ್‌ನ ಮುಂದೆ ಕೂತಿತು. ಎಲ್ಲರೂ ತಮ್ಮ ತಮ್ಮ ಗ್ಲಾಸು ಎತ್ತಿ, ವೇಡ್‌ನ ಹೆಸರು ಹೇಳಿ, ಎಮಿಲ್‌ನತ್ತ ನೋಡಿದರು. ಅವನು ಒಂದು ಕ್ಷಣ ತಡೆದ; ಆಮೇಲೆ ತಾನೂ ಎತ್ತಿ ಕುಡಿದ. ಸರದಿ ಯಾರದೆಂದು ಕೇಳಿ, ತನ್ನದೆಂದು ತಿಳಿದು, ಎಲೆ ಇಳಿಸಿದ.